ನನಗೆಂದು ಬಂದ ಪಿಯಾನೊ

ಪಿಯಾನೊ ನಮ್ಮ ಮನೆಗೆ ಬಂದದ್ದು ನನಗಾಗಿ. ಉಳಿದದ್ದನ್ನು ಹೇಳುವ ಮೊದಲು ಇಷ್ಟನ್ನು ಹೇಳಿಬಿಡಬೇಕು, ಏಕೆಂದರೆ ಈ ಕಥೆಯನ್ನು ಬೇರೆ ಯಾರೇ ಹೇಳಿದರೂ ಈ ಒಂದು ಸಂಗತಿಯನ್ನು ಬಿಟ್ಟೇ ಹೇಳುತ್ತಾರೆ. ಸ್ವೀಡನ್ನಿನ ಸ್ಯಾಂಡ್‌ವಿಕೆನ್ನಿನಲ್ಲಿ ನಾವಿದ್ದದ್ದು ಹಳದಿ ಇಟ್ಟಿಗೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ಕೆಳಗಿನ ಮನೆಯಲ್ಲಿ ಗುನ್‌ವೊರ್ ಎಂಬ ಅಜ್ಜಿ ಒಬ್ಬರೇ ಇದ್ದರು. ವೃದ್ಧಾಶ್ರಮಕ್ಕೆ ಹೊರಡುವ ವಾರ ಅವರು ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದು, ಅಮ್ಮನ ಹಿಂದಿನಿಂದ ಇಣುಕುತ್ತಿದ್ದ ನನ್ನತ್ತ ಬೆರಳು ತೋರಿಸಿ, ತಮ್ಮ ಪಿಯಾನೊ ಈ ಹುಡುಗಿಗೆ ಎಂದರು. ನನಗೆ ಆಗ ಏಳು ವರ್ಷ. ಅಪ್ಪ ತಾವು ಕೆಲಸ ಮಾಡುತ್ತಿದ್ದ ಉಕ್ಕಿನ ಕಾರ್ಖಾನೆಯಿಂದ ನಾಲ್ವರು ಗಟ್ಟಿಮುಟ್ಟಾದ ಗೆಳೆಯರನ್ನು ಕರೆತಂದರು. ಅವರು ಪ್ರತಿ ತಿರುವಿನಲ್ಲೂ ನಿಂತು ಉಸಿರು ಬಿಡುತ್ತಾ ಆ ಕಂದು ಬಣ್ಣದ ಪಿಯಾನೊವನ್ನು ಮೇಲೆ ತಂದು ನಡುಕೋಣೆಯ ಗೋಡೆಗೆ ಸೇರಿಸಿ ನಿಲ್ಲಿಸಿದರು. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಆ ನಾಲ್ವರೂ ಕಾಫಿ ಲೋಟ ಹಿಡಿದುಕೊಂಡು, ಇದೂ ಸಾಗಣೆಯ ಒಂದು ಭಾಗವೇ ಇರಬೇಕು ಎಂಬಂತೆ ಶ್ರದ್ಧೆಯಿಂದ ನೋಡಿದರು.

ಅಮ್ಮ ಪುತ್ತೂರಿನಲ್ಲಿ ಒಂಬತ್ತು ವರ್ಷ ಸಂಗೀತ ಕಲಿತವಳು. ಮದುವೆಯಾಗಿ ಅಪ್ಪನ ಜೊತೆ ಸ್ವೀಡನ್ನಿಗೆ ಬಂದ ಮೇಲೆ ಅವಳು ಹಾಡಿದ್ದು ಅಡುಗೆಮನೆಯಲ್ಲಿ ಮಾತ್ರ, ಅದೂ ಹೊಗೆ ಹೀರುವ ಫ್ಯಾನಿನ ಸದ್ದಿನೊಳಗೆ. ನನಗೆ ಶ್ರುತಿ ಎಂದು ಹೆಸರಿಟ್ಟವಳು ಅವಳೇ. ಕೊಮ್ಯೂನಿನ, ಅಂದರೆ ಊರಾಡಳಿತದ, ಸಂಗೀತ ಶಾಲೆಯಲ್ಲಿ ವಾರಕ್ಕೊಮ್ಮೆ ನನಗೆ ಪಿಯಾನೊ ಪಾಠ ಶುರುವಾಯಿತು. ಮನೆಯಲ್ಲಿ ದಿನಾ ಊಟವಾದ ಮೇಲೆ ಅರ್ಧ ಗಂಟೆ ಅಭ್ಯಾಸ. ಅಮ್ಮ ಊಟದ ಮೇಜಿನಿಂದ ಒಂದು ಕುರ್ಚಿ ಎಳೆದುಕೊಂಡು ಬಂದು ನನ್ನ ಎಡಗಡೆ ಕೂರುತ್ತಿದ್ದಳು. ಅವಳಿಗೆ ಆ ಪುಸ್ತಕದ ಚುಕ್ಕಿ ಗೆರೆಗಳು ಒಂದೂ ಅರ್ಥವಾಗುತ್ತಿರಲಿಲ್ಲ. ಆದರೆ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು, ನಾನು ತಪ್ಪಿದ ಕೂಡಲೇ ಅವಳ ಅಂಗೈ ಗಾಳಿಯಲ್ಲಿ ನಿಂತುಬಿಡುತ್ತಿತ್ತು.

"ಎಂತ ಅವಸರ ನಿನಗೆ? ಬಸ್ಸು ತಪ್ಪಿ ಹೋಗ್ತದಾ? ಇನ್ನೊಮ್ಮೆ."

ಇನ್ನೊಮ್ಮೆ, ಮತ್ತೆ ಇನ್ನೊಮ್ಮೆ. ನನಗೆ ಪಿಯಾನೊದ ಮೇಲೆ ಪ್ರೀತಿ ಇತ್ತೋ ಇಲ್ಲವೋ ಇವತ್ತಿಗೂ ಹೇಳಲಾರೆ. ಆ ಅರ್ಧ ಗಂಟೆಯ ಮೇಲೆ ಇತ್ತು. ದಿನವಿಡೀ ಸ್ವೀಡಿಷ್ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಬಟ್ಟೆ ಮಡಚಿ, ಅಡುಗೆ ಮಾಡಿ, ಊರಿಗೆ ಫೋನು ಮಾಡಿ ಸುಸ್ತಾದ ಅಮ್ಮ ಆ ಹೊತ್ತಿನಲ್ಲಿ ಬೇರೆಯೇ ಹೆಂಗಸಾಗುತ್ತಿದ್ದಳು. ಬೆನ್ನು ನೆಟ್ಟಗಾಗುತ್ತಿತ್ತು, ಕಣ್ಣು ಚುರುಕಾಗುತ್ತಿತ್ತು. ಆ ಕಣ್ಣು ನನ್ನ ಬೆರಳ ಮೇಲೆ ಇರುತ್ತಿತ್ತು.

ನಾಲ್ಕನೇ ತರಗತಿಯ ಚಳಿಗಾಲದಲ್ಲಿ ಜೀವೂ ಬಂದಳು. ಕೊರಿಯಾದ ಬುಸಾನ್‌ನಿಂದ ಅವಳ ಅಪ್ಪ ಎರಡು ವರ್ಷದ ಕೆಲಸಕ್ಕೆಂದು ನಮ್ಮ ಕಾರ್ಖಾನೆಗೇ ಬಂದಿದ್ದರು. ಅವಳ ಅಮ್ಮ ಬುಸಾನ್‌ನಲ್ಲಿಯೇ ಔಷಧಿ ಅಂಗಡಿ ನೋಡಿಕೊಂಡು, ಚಿಕ್ಕ ತಂಗಿಯ ಜೊತೆ ಉಳಿದಿದ್ದರು. ನಮ್ಮ ಟೀಚರು "ಇಬ್ಬರೂ ಏಷ್ಯಾದವರು" ಎಂದು ಅವಳನ್ನು ನನ್ನ ಪಕ್ಕ ಕೂರಿಸಿದರು. ಬುಸಾನ್ ಎಲ್ಲಿ, ಪುತ್ತೂರು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಅವಳು ಸಣ್ಣಗಿದ್ದಳು, ಮಾತು ಕಡಿಮೆ, ಪಾಠ ನಡೆಯುವಾಗ ಬೆರಳುಗಳನ್ನು ಡೆಸ್ಕಿನ ಅಂಚಿಗೆ ಒತ್ತುತ್ತಾ ಇರುತ್ತಿದ್ದಳು. ಮೊದಲು ಅದೊಂದು ಕೆಟ್ಟ ಅಭ್ಯಾಸ ಅಂದುಕೊಂಡೆ. ಅವಳ ಅಪ್ಪ ಪಾಳಿಯ ಮೇಲೆ ದುಡಿಯುತ್ತಾರೆ, ಶಾಲೆ ಬಿಟ್ಟ ಮೇಲೆ ಅವಳು ಮನೆಯಲ್ಲಿ ಒಬ್ಬಳೇ ಇರುತ್ತಾಳೆ ಎಂದು ನಾನೇ ಮನೆಗೆ ಬಂದು ಅಮ್ಮನಿಗೆ ಹೇಳಿದೆ.

"ಒಬ್ಬಳೇ ಇರ್ತಾಳಾ ಆ ಮಗು? ನಾಳೆ ಕರ್ಕೊಂಡು ಬಾ, ಇಲ್ಲಿ ಊಟ ಮಾಡ್ಲಿ."

ಕರೆದುಕೊಂಡು ಬಂದೆ. ಜಾಕೆಟ್ಟು, ಬೂಟು ಬಿಚ್ಚಿಟ್ಟು ನಡುಕೋಣೆಗೆ ಬಂದವಳು ಪಿಯಾನೊದ ಮುಂದೆ ನಿಂತುಬಿಟ್ಟಳು. ಆಗ ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ.

"ಇದು ಯಾರದು?"

"ನನ್ನದು."

"ನುಡಿಸ್ಲಾ?"

ಹೂಂ ಅಂದವಳು ನಾನೇ. ಅಮ್ಮ ಅಡುಗೆಮನೆಯಲ್ಲಿ ಬಜ್ಜಿ ಕರಿಯುತ್ತಿದ್ದಳು. ಜೀವೂ ಸ್ಟೂಲನ್ನು ಒಂದಿಷ್ಟು ಎತ್ತರಿಸಿ ಕೂತು, ಎರಡು ಕೈಯನ್ನೂ ಮಡಿಲಲ್ಲಿ ಇಟ್ಟು, ಆಮೇಲೆ ನುಡಿಸಲು ಶುರು ಮಾಡಿದಳು. ನನ್ನ ಪಿಯಾನೊದೊಳಗೆ ಅಂಥ ಸದ್ದು ಇದೆ ಎಂದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಫ್ಯಾನು ನಿಂತಿತು. ಎಣ್ಣೆ ಒಲೆಯ ಮೇಲಿರುವಾಗ ಅಮ್ಮ ಆ ಫ್ಯಾನನ್ನು ನಿಲ್ಲಿಸಿದ್ದು ಅದೇ ಮೊದಲು. ನಿರೀಕ್ಷೆಯಂತೆ ಚಾವಣಿಯ ಹೊಗೆ ಅಲಾರಾಂ ಕಿರುಚಲು ತೊಡಗಿತು. ನಾನು ಓಡಿಹೋಗಿ ಕುರ್ಚಿ ಹತ್ತಿ ಗುಂಡಿ ಒತ್ತಿದೆ. ಜೀವೂ ತಿರುಗಿಯೂ ನೋಡಲಿಲ್ಲ. ಸಾಲು ಮುಗಿಯುವ ತನಕ ನುಡಿಸಿ, ಕೈ ಎತ್ತಿ, ಆಮೇಲೆ ಏನಾಯಿತು ಎಂದು ಕೇಳಿದಳು. ಅಮ್ಮ ಜಾಲರಿ ಸಟ್ಟುಗ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಕುರ್ಚಿಯ ಮೇಲೆ ನಿಂತಿದ್ದ ನನಗೆ ಅವಳ ಮುಖ ಚೆನ್ನಾಗಿ ಕಾಣುತ್ತಿತ್ತು. ಆ ಮುಖವನ್ನು ನಾನು ಮೂರು ವರ್ಷದಿಂದ ನನ್ನ ಅರ್ಧ ಗಂಟೆಯಲ್ಲಿ ಹುಡುಕುತ್ತಿದ್ದೆ.

ಜೀವೂ ಎಂಬ ಹೆಸರು ಅಮ್ಮನ ಬಾಯಲ್ಲಿ ಒಂದೇ ವಾರಕ್ಕೆ ಜೀವು ಆಯಿತು, ಮತ್ತೊಂದು ವಾರಕ್ಕೆ ಜೀವ. "ಜೀವ ಬಂದಳಾ?" ಎಂದು ಅವಳು ಕೇಳುವಾಗ ನನಗೆ ನನ್ನದು ಹೋದಂತೆ ಆಗುತ್ತಿತ್ತು. ಮನೆಯ ಗಡಿಯಾರವೇ ಬದಲಾಯಿತು. ಮೂರೂವರೆಯಿಂದ ಆರರ ತನಕ ನಡುಕೋಣೆ ಜೀವುವಿನದು. ಟೀವಿ ಹಾಕುವ ಹಾಗಿಲ್ಲ. ಅಪ್ಪ ಕೆಲಸದಿಂದ ಬಂದವರು ಪೇಪರು ಹಿಡಿದುಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ನಾನು ಮಲಗುವ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಮಂಚದ ಮೇಲೆ ಹೋಮ್‌ವರ್ಕ್ ಮಾಡುತ್ತಿದ್ದೆ. ಅಮ್ಮ ತರಕಾರಿಯನ್ನೂ ಚಾಕುವನ್ನೂ ನಡುಕೋಣೆಗೇ ಒಯ್ದು, ಆ ಕುರ್ಚಿಯಲ್ಲಿ ಕೂತು ಬೀನ್ಸ್ ಹೆಚ್ಚುತ್ತಾ ಕೇಳುತ್ತಿದ್ದಳು. ಊಟವಾಗುವ ಹೊತ್ತಿಗೆ ಅವಳಿಗೆ ಕೇಳುವ ಶಕ್ತಿ ಮುಗಿದಿರುತ್ತಿತ್ತು. ನನ್ನ ಅರ್ಧ ಗಂಟೆ ಮೊದಲು ಕಾಲು ಗಂಟೆಯಾಯಿತು, ಆಮೇಲೆ "ನೀನು ನುಡಿಸ್ತಾ ಇರು, ನಾನು ಪಾತ್ರೆ ತೊಳೀತಾ ಕೇಳ್ತೇನೆ" ಎಂದಾಯಿತು. ನೀರಿನ ಸದ್ದಿನಲ್ಲಿ ಏನು ಕೇಳುತ್ತದೆ?

ಊಟದ ಮೇಜಿನಲ್ಲೂ ನಾನು ಸೋತೆ. ಪುತ್ತೂರಿನಿಂದ ಅಜ್ಜಿ ಕಳಿಸುತ್ತಿದ್ದ ಮಜ್ಜಿಗೆ ಮೆಣಸನ್ನು ನಾನು ಖಾರವೆಂದು ಮುಟ್ಟುತ್ತಿರಲಿಲ್ಲ. ಸ್ವೀಡನ್ನಿನ ಶಾಲೆಯ ಊಟ ನನ್ನ ನಾಲಿಗೆಯನ್ನು ಸಪ್ಪೆ ಮಾಡಿದೆ ಎಂದು ಅಮ್ಮನಿಗೆ ಮೊದಲೇ ಬೇಸರ. ಜೀವು ಕರಿದ ಮಜ್ಜಿಗೆ ಮೆಣಸನ್ನು ಕರುಮುರು ಕಡಿದು, ಮೊಸರನ್ನ ತಿಂದು, ಇನ್ನೊಂದು ಕೇಳಿದಳು.

"ನೋಡಿದ್ಯಾ ಶ್ರುತಿ? ಅವಳು ತಿಂತಾಳೆ."

ಸಣ್ಣ ಮಾತು. ಅಮ್ಮನಿಗೆ ಹೇಳಿದ್ದೇ ನೆನಪಿರಲಾರದು. ಆ ಸಂಜೆ ನಾನು ಎರಡು ಮೆಣಸನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ನುಂಗಿ ತೋರಿಸಿದೆ. ಅಪ್ಪ ಮಾತ್ರ ನೋಡಿದರು. ಒಂದು ಲೋಟ ನೀರನ್ನು ನನ್ನ ಕಡೆ ಸರಿಸಿದರು.

ಶನಿವಾರಗಳು ಹೋದದ್ದು ಆಮೇಲೆ. ಸ್ಟಾಕ್‌ಹೋಮಿನಲ್ಲಿ ಒಬ್ಬ ರಷ್ಯನ್ ಟೀಚರು ಜೀವುವಿಗೆ ಪಾಠ ಹೇಳಲು ಒಪ್ಪಿದರು. ಅವಳ ಅಪ್ಪನಿಗೆ ಶನಿವಾರ ಪಾಳಿ ಇದ್ದಾಗಲೆಲ್ಲ ಅಮ್ಮನೇ ರೈಲಿನಲ್ಲಿ ಕರೆದೊಯ್ಯುತ್ತಿದ್ದಳು. ಸ್ವೀಡನ್ನಿಗೆ ಬಂದು ಅಷ್ಟು ವರ್ಷವಾದರೂ ಪಕ್ಕದ ಊರಿಗೆ ಒಬ್ಬಳೇ ಹೋಗಲು ಅಳುಕುತ್ತಿದ್ದ ಅಮ್ಮ, ಪ್ಲಾಟ್‌ಫಾರ್ಮ್ ಬದಲಾದರೆ ಜನರನ್ನು ತಡೆದು ಕೇಳುವಷ್ಟು ಜೋರಾದಳು. ಹೊರಡುವ ಹಿಂದಿನ ಸಂಜೆ ಜೀವುವಿನ ಉಗುರು ತೆಗೆಯುವ ಕೆಲಸ. ಉಗುರು ಬೆಳೆದರೆ ಕೀಲಿಮಣೆಗೆ ತಾಗಿ ಟಿಕ್ ಟಿಕ್ ಎನ್ನುತ್ತದೆ ಎಂದು ಆ ಟೀಚರು ಬೈದಿದ್ದರಂತೆ. ಅಮ್ಮ ಮಡಿಲಲ್ಲಿ ಪೇಪರು ಹರಡಿ, ಅವಳ ಕೈ ಹಿಡಿದು, ಒಂದೊಂದೇ ಬೆರಳನ್ನು ದೀಪಕ್ಕೆ ಹಿಡಿದು ನೋಡಿ ಕತ್ತರಿಸುತ್ತಿದ್ದಳು. ನಮ್ಮ ಮನೆಯಲ್ಲಿ ಶುಕ್ರವಾರ ಉಗುರು ತೆಗೆಯುವಂತಿಲ್ಲ. ನಾನು ಐದು ವರ್ಷದವಳಿದ್ದಾಗ ಒಂದು ಶುಕ್ರವಾರ ಉಗುರು ಕಚ್ಚಿದ್ದಕ್ಕೆ ಏಟು ತಿಂದವಳು.

"ಅಮ್ಮ, ಇವತ್ತು ಶುಕ್ರವಾರ."

"ಅವಳಿಗೆ ಅದೆಲ್ಲ ಇಲ್ಲ. ನೀನು ಓದ್ಕೋ ಹೋಗು."

"ಕತ್ತರಿಸ್ತಿರೋದು ನೀನಲ್ವಾ?"

ಅಮ್ಮ ಮುಂದಿನ ಬೆರಳನ್ನು ದೀಪಕ್ಕೆ ಹಿಡಿದಳು. ಅಪ್ಪ ಅಡುಗೆಮನೆಯಿಂದಲೇ "ಶ್ರುತೀ" ಎಂದರು, ಎಚ್ಚರಿಕೆಯ ದನಿಯಲ್ಲಿ. ಮರುದಿನ ಅವರಿಬ್ಬರೂ ಚಪಾತಿ ಸುರುಳಿ ಕಟ್ಟಿಕೊಂಡು ಹೋದ ಮೇಲೆ ಅಪ್ಪ ನನ್ನನ್ನು ಜಾರುಬಂಡಿ ಆಡಿಸಲು ಗುಡ್ಡಕ್ಕೆ ಕರೆದುಕೊಂಡು ಹೋದರು. ಹಿಮದಲ್ಲಿ ನಿಂತು ಅವರು ಹೇಳಿದ್ದು ನೆನಪಿದೆ.

"ನಿನ್ನಮ್ಮ ಈಗ ನಗ್ತಾಳೆ. ನಾನು ಕರ್ಕೊಂಡು ಬಂದ ಮೇಲೆ ಈ ಊರಲ್ಲಿ ಅವಳು ಇಷ್ಟು ನಕ್ಕದ್ದು ನೋಡಿರಲಿಲ್ಲ. ನಾವಿಬ್ಬರೂ ಸ್ವಲ್ಪ ಸಹಿಸಿಕೊಳ್ಳುವಾ, ಆಗದಾ?"

ನಾನು ಜಾರುಬಂಡಿ ಎಳೆದುಕೊಂಡು ಮತ್ತೆ ಗುಡ್ಡ ಹತ್ತಿದೆ. ಅಪ್ಪನಿಗೂ ಅಡುಗೆಮನೆಯ ಆ ಸ್ಟೂಲಿನ ಮೇಲೆ ಕೂತು ನನ್ನ ಹಾಗೆಯೇ ಆಗುತ್ತಿತ್ತೇನೋ ಎಂದು ಈಗ ಅನ್ನಿಸುತ್ತದೆ.

ವಸಂತದಲ್ಲಿ ಸಂಗೀತ ಶಾಲೆಯ ಮಕ್ಕಳ ಕಾರ್ಯಕ್ರಮವಿತ್ತು. ಅಮ್ಮ ಬಂದಳು, ರೇಷ್ಮೆ ಸೀರೆ ಉಟ್ಟು ಬಂದಳು, ಜೀವುವನ್ನೂ ಕರೆತಂದಳು. ನಾನು ನುಡಿಸಿದ ಎರಡು ಪುಟದಲ್ಲಿ ಮೂರು ಕಡೆ ತಪ್ಪಿದೆ. ಒಂದು ಕಡೆಯಂತೂ ನಿಂತೇಹೋದೆ. ಇಳಿದು ಬಂದಾಗ ಅಮ್ಮ ನನ್ನ ತಲೆ ಸವರಿ "ಚೆನ್ನಾಗಿತ್ತು ಚಿನ್ನ" ಎಂದಳು. ಪಕ್ಕದ ಮನೆಯ ಮಕ್ಕಳಿಗೆ ಹೇಳುವ ದನಿ. ಮರುದಿನ ಸಂಜೆ ನಾನು ಮಲಗುವ ಕೋಣೆಯಲ್ಲಿದ್ದಾಗ ಗೋಡೆಯಾಚೆಯಿಂದ ಅಮ್ಮನ ಇನ್ನೊಂದು ದನಿ ಕೇಳಿಸಿತು.

"ನೋ ನೋ ಜೀವ, ವಾಟ್ ಈಸ್ ದಿಸ್? ಎಂತ ಅವಸರ ನಿನಗೆ? ಇನ್ನೊಮ್ಮೆ."

"ಇನ್ನೊಮ್ಮೆ" ಎಂದು ಜೀವು ಅದನ್ನೇ ಕನ್ನಡದಲ್ಲಿ ತಿರುಗಿ ಹೇಳಿ ನಕ್ಕಳು, ಮತ್ತೆ ಮೊದಲಿಂದ ಶುರು ಮಾಡಿದಳು. ಅಮ್ಮ ನನ್ನನ್ನು ಬೈಯುವುದನ್ನೇ ನಿಲ್ಲಿಸಿ ತಿಂಗಳುಗಳಾಗಿವೆ ಎಂದು ನನಗೆ ಹೊಳೆದದ್ದು ಆಗ. ಮುದ್ದು ಮಾಡುವುದು ಕಡಿಮೆಯಾಗಿರಲಿಲ್ಲ. ಬೈಗುಳ ಮಾತ್ರ ಪೂರ್ತಿ ಆ ಕೋಣೆಗೆ ಹೋಗಿತ್ತು. ನಾನು ಮಂಚದ ಮೇಲೆ ಅಂಗಾತ ಬಿದ್ದುಕೊಂಡು ಉರಿದೆ. ಹತ್ತು ವರ್ಷದ ಹುಡುಗಿಯ ಹೊಟ್ಟೆಕಿಚ್ಚು ಚಿಕ್ಕದು ಎಂದು ತಿಳಿದವರಿಗೆ ಆ ಹೊತ್ತಿನ ನನ್ನ ಹೊಟ್ಟೆಯನ್ನು ತೋರಿಸಬೇಕು.

ಮರುವರ್ಷ ಮಾರ್ಚಿನಲ್ಲಿ, ಸ್ಟಾಕ್‌ಹೋಮಿನ ಸಂಗೀತ ಶಾಲೆಯೊಂದರ ಪ್ರವೇಶ ಪರೀಕ್ಷೆಗೆ ಜೀವು ತಯಾರಾಗುತ್ತಿದ್ದಳು. ಇನ್ನು ಆರು ವಾರ ಇತ್ತು. ಅಭ್ಯಾಸ ಏಳು ಗಂಟೆಯ ತನಕ ಬೆಳೆದಿತ್ತು. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಯವರೂ ಸರದಿಯ ಮೇಲೆ ಬಟ್ಟೆ ಒಗೆಯುವ ಕೋಣೆಯೊಂದಿತ್ತು. ಅಲ್ಲಿ ಗೋಡೆಯ ಬೋರ್ಡಿನಲ್ಲಿ ಆಗಾಗ ಸಿಟ್ಟಿನ ಚೀಟಿಗಳು ಕಾಣಿಸಿಕೊಳ್ಳುತ್ತಿದ್ದವು: ಯಂತ್ರದ ಕಸ ಹಿಡಿಯುವ ಜಾಲರಿ ತೆಗೆದು ಒರೆಸಿ, ಇನ್ನೊಬ್ಬರ ಸರದಿ ಕದಿಯಬೇಡಿ, ಎಂದು. ಸ್ವೀಡನ್ನಿನಲ್ಲಿ ಮುಖಕ್ಕೆ ಹೇಳಲಾಗದ್ದನ್ನು ಜನ ಹೇಳುವುದು ಅಲ್ಲಿ. ಒಂದು ಮಧ್ಯಾಹ್ನ ಜೀವು ನುಡಿಸುತ್ತಿರುವಾಗ, ಅಮ್ಮ ಅವಳ ಪಕ್ಕ ಕೂತಿರುವಾಗ, ನಾನು ಗಣಿತದ ಪುಸ್ತಕದ ಹಾಳೆ ಹರಿದು ದೊಡ್ಡ ಅಕ್ಷರದಲ್ಲಿ ಸ್ವೀಡಿಷ್‌ನಲ್ಲಿ ಬರೆದೆ. ಮೂರನೇ ಮಹಡಿಯ ಪಿಯಾನೊದಿಂದ ತೊಂದರೆಯಾಗುತ್ತಿದೆ, ನಮಗೆ ವಿಶ್ರಾಂತಿ ಬೇಕು, ದಯವಿಟ್ಟು ನಿಲ್ಲಿಸಿ. ಕೆಳಗೆ ಸಹಿಯ ಜಾಗದಲ್ಲಿ, ನೆರೆಯವರೊಬ್ಬರು ಎಂದು. ಕಾಲ್ಚೀಲದಲ್ಲೇ ಮೆಟ್ಟಿಲಿಳಿದು ಅದನ್ನು ಬೋರ್ಡಿಗೆ ಚುಚ್ಚಿ ಬಂದೆ. ನಾನು ಹೋದದ್ದು, ಬಂದದ್ದು ಎರಡೂ ಯಾರಿಗೂ ತಿಳಿಯಲಿಲ್ಲ.

ಅಮ್ಮ ಅದನ್ನು ಓದಿ, ಸ್ವಲ್ಪ ನಾಚಿ, ಅಭ್ಯಾಸವನ್ನು ಒಂದು ಗಂಟೆ ಇಳಿಸುತ್ತಾಳೆ, ಆ ಒಂದು ಗಂಟೆ ನನಗೆ ಬರುತ್ತದೆ. ನಾನು ಬಯಸಿದ್ದು ಇಷ್ಟೇ. ಆದರೆ ಎರಡನೇ ದಿನ ಚೀಟಿಯ ಕೆಳಗೆ ಬೇರೊಬ್ಬರ ಕೈಬರಹದಲ್ಲಿ "ನನ್ನ ಒಪ್ಪಿಗೆ ಇದೆ" ಎಂದು ಬಿತ್ತು. ನಾಲ್ಕನೇ ದಿನ ಕಟ್ಟಡದ ಸಂಘದವರಿಂದ ಪತ್ರ ಬಂತು: ಇನ್ನು ಮುಂದೆ ದಿನಕ್ಕೆ ಒಂದೇ ಗಂಟೆ, ಶನಿವಾರ ಭಾನುವಾರ ಇಲ್ಲವೇ ಇಲ್ಲ. ಅಮ್ಮ ಪತ್ರವನ್ನು ನನ್ನ ಕೈಗೆ ಕೊಟ್ಟು ಓದಿಸಿದಳು. ಅವಳು ಅಳಲಿಲ್ಲ. ಒಂದಿಡೀ ಡಬ್ಬ ಚಕ್ಕುಲಿ ಮಾಡಿದಳು.

"ಬಾ. ಮನೆ ಮನೆಗೂ ಹೋಗಿ ಕ್ಷಮೆ ಕೇಳುವಾ. ಆರು ವಾರ ಮಾತ್ರ ಸಹಿಸಿ ಅಂತ ಹೇಳುವಾ. ನನ್ನ ಸ್ವೀಡಿಷ್ ಸಾಲುವುದಿಲ್ಲ, ನೀನು ಹೇಳು."

ಹೀಗೆ, ನಾನು ಬರೆದ ಚೀಟಿಗೆ ಅಮ್ಮ ಕೇಳಿದ ಕ್ಷಮೆಯನ್ನು ನಾನೇ ಬಾಗಿಲು ಬಾಗಿಲಿಗೆ ನಿಂತು ಸ್ವೀಡಿಷ್‌ಗೆ ತಿರುಗಿಸಿದೆ. ನಮ್ಮ ಪಕ್ಕದ ಮನೆಯಲ್ಲಿ ಎಮ್ಮಾ ಎಂಬ ಚಿಕ್ಕ ವಯಸ್ಸಿನ ಹೆಂಗಸು ಇದ್ದಳು, ಕೈಗೂಸಿನ ತಾಯಿ. ಅವಳು ಅರ್ಧ ಬಾಗಿಲು ತೆರೆದು, ನನ್ನ ಮಾತು ಮುಗಿಯುವ ಮೊದಲೇ ಚಕ್ಕುಲಿ ತೆಗೆದುಕೊಂಡು, ಥ್ಯಾಂಕ್ಸ್ ಎಂದು ಪಿಸುಗುಟ್ಟಿ ಬಾಗಿಲು ಹಾಕಿಕೊಂಡಳು.

"ಮುಖ ನೋಡಿದ್ಯಾ? ಇವಳೇ ಬರೆದದ್ದು" ಎಂದಳು ಅಮ್ಮ.

ನಾನು ಸುಮ್ಮನಿರಬಹುದಿತ್ತು. "ಇರಬಹುದು" ಎಂದೆ.

ನೆಲಮಹಡಿಯಲ್ಲಿ ಲೆನ್ನಾರ್ಟ್ ಇದ್ದರು, ನಿವೃತ್ತ ಮೇಷ್ಟ್ರು. ಅಮ್ಮನ ಮಾತನ್ನು ನಾನು ಒಪ್ಪಿಸಿ ಮುಗಿಸುವ ತನಕ ಅವರು ಚಕ್ಕುಲಿಯನ್ನು ಕೈಯಲ್ಲಿ ಹಿಡಿದುಕೊಂಡು ತಾಳ್ಮೆಯಿಂದ ಕೇಳಿದರು. ಆಮೇಲೆ ನನ್ನತ್ತ ಬಾಗಿ ಸ್ವೀಡಿಷ್‌ನಲ್ಲಿ ಹೇಳಿದರು.

"ಆ ಚೀಟಿಯನ್ನು ನಾನೂ ಓದಿದೆ. ಒಂದು ಪದದಲ್ಲಿ ಎರಡು ಸಲ ಬರಬೇಕಾದ ಅಕ್ಷರ ಒಂದೇ ಸಲ ಬಂದಿದೆ. ನಾಲ್ಕನೇ ಐದನೇ ತರಗತಿಯ ಮಕ್ಕಳಲ್ಲಿ ನಾನು ಮೂವತ್ತು ವರ್ಷ ತಿದ್ದಿದ ತಪ್ಪು ಅದು. ನೀನು ಬರೆದದ್ದಾ?"

"ಎಂತ ಹೇಳ್ತಿದ್ದಾರೆ?" ಎಂದು ಅಮ್ಮ ಕೇಳಿದಳು.

"ಚಕ್ಕುಲಿ ಚೆನ್ನಾಗುಂಟಂತೆ."

ಅವರ ಕೈಯಲ್ಲಿದ್ದ ಚಕ್ಕುಲಿ ಇನ್ನೂ ಇಡಿಯಾಗಿತ್ತು. ಅಮ್ಮ ಸಂಕೋಚದಿಂದ ನಕ್ಕು, ಅವರಿಗೆ ಇನ್ನೆರಡು ಕೊಟ್ಟಳು. ಲೆನ್ನಾರ್ಟ್ ನನ್ನನ್ನೇ ನೋಡುತ್ತಿದ್ದರು. ನಾನು ಡಬ್ಬದ ಮುಚ್ಚಳ ಒತ್ತಿ ಹಾಕಿದೆ. ಅವರು ನನ್ನನ್ನು ಬಿಟ್ಟುಕೊಡಲಿಲ್ಲ. ಮರುದಿನ ಚರ್ಚಿನ ಸಭಾಭವನದ ಬೀಗದ ಕೈಯನ್ನು ತಂದು ಅಮ್ಮನಿಗೆ ಕೊಟ್ಟರು. ಅಲ್ಲಿ ಒಳ್ಳೆಯ ಪಿಯಾನೊ ಇದೆ, ಪಾದ್ರಿಯವರೊಂದಿಗೆ ಮಾತಾಡಿದ್ದೇನೆ, ಎಷ್ಟು ಹೊತ್ತು ಬೇಕಾದರೂ ನುಡಿಸಲಿ ಎಂದರು.

ಆ ಆರು ವಾರ ನನಗೆ ಬೇಕಾದದ್ದೆಲ್ಲ ಸಿಕ್ಕಿತು. ನಡುಕೋಣೆ ಖಾಲಿ. ಪಿಯಾನೊ ನನ್ನದು. ಶಾಲೆಯಿಂದ ಬರುವಾಗ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ, ಏಕೆಂದರೆ ಜೀವುವಿನ ಜೊತೆ ಅಮ್ಮನೂ ಬೀನ್ಸು ಚಾಕು ಸಮೇತ ಸಭಾಭವನಕ್ಕೆ ಹೋಗಿರುತ್ತಿದ್ದಳು. ಮೊದಲ ದಿನ ಸ್ಟೂಲಿನ ಮೇಲೆ ಕೂತು ನನ್ನ ಪಾಠ ನುಡಿಸಿದೆ. ತಪ್ಪಿದಲ್ಲಿ ನಿಲ್ಲಿಸಿ ಎಡಕ್ಕೆ ನೋಡಿದೆ. ಎರಡನೇ ದಿನ ಮುಚ್ಚಳ ತೆಗೆಯಲಿಲ್ಲ.

ಜೀವು ಪಾಸಾದಳು. ಆಗಸ್ಟಿನಲ್ಲಿ ಅವಳ ಅಮ್ಮ ಬುಸಾನ್‌ನಿಂದ ಬಂದು ಸ್ಟಾಕ್‌ಹೋಮಿನಲ್ಲಿ ಮನೆ ಹಿಡಿದರು. ಹೊರಡುವ ದಿನ ಜೀವು ನನ್ನ ಅಮ್ಮನನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಅವಳ ಅಮ್ಮ ಪಕ್ಕದಲ್ಲಿ ಕೈಚೀಲ ಹಿಡಿದು ನಿಂತು ನೋಡುತ್ತಿದ್ದರು. ಅವರ ಮುಖದಲ್ಲಿದ್ದದ್ದನ್ನು ನಾನು ತಕ್ಷಣ ಗುರುತು ಹಿಡಿದೆ. ಆ ಬೀದಿಯಲ್ಲಿ ಅದನ್ನು ನನ್ನಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ. ಜೀವು ನನ್ನ ಹತ್ತಿರ ಬಂದು, ಅಷ್ಟರಲ್ಲಿ ಚೆನ್ನಾಗಿ ಕಲಿತಿದ್ದ ಸ್ವೀಡಿಷ್‌ನಲ್ಲಿ "ಪಿಯಾನೊ ಕೊಟ್ಟದ್ದಕ್ಕೆ ಥ್ಯಾಂಕ್ಸ್" ಎಂದಳು. ಆ ಶರತ್ಕಾಲದಲ್ಲಿ ನಾನು ಪಾಠ ಬಿಡುತ್ತೇನೆ ಎಂದಾಗ ಅಮ್ಮ ಕಾರಣವನ್ನೂ ಕೇಳದೆ "ಸರಿ" ಎಂದಳು.

ಆಮೇಲಿನದ್ದು ಲೋಕಕ್ಕೆ ಗೊತ್ತಿರುವ ಜೀವೂ. ಹದಿನೇಳಕ್ಕೆ ಜರ್ಮನಿ, ಇಪ್ಪತ್ತೆರಡಕ್ಕೆ ದೊಡ್ಡ ಸ್ಪರ್ಧೆಯೊಂದರಲ್ಲಿ ಎರಡನೇ ಬಹುಮಾನ, ಆಮೇಲೆ ಸಿಯೋಲ್, ಟೋಕಿಯೊ, ಲಂಡನ್ ಎಂದು ಊರೂರು. ನಾನು ಉತ್ತರ ಸ್ವೀಡನ್ನಿನ ಉಮೆಯೊದಲ್ಲಿ ಕಾಡಿನ ಮಣ್ಣಿನ ಬಗ್ಗೆ ಪಿಎಚ್‌ಡಿ ಮಾಡಿ ಅಲ್ಲೇ ಕೆಲಸಕ್ಕೆ ಸೇರಿದೆ. ನನ್ನ ಕೆಲಸ ನನಗೆ ಇಷ್ಟ, ಚೆನ್ನಾಗಿಯೂ ಮಾಡುತ್ತೇನೆ. ಆದರೂ ಇಲ್ಲಿಯವರು ಫೀಕಾ ಎನ್ನುವ ಬಿಡುವಿನ ಹೊತ್ತಿನಲ್ಲಿ ಕಾಫಿ ಹಿಡಿದುಕೊಂಡು ಫೋನಿನಲ್ಲಿ ಅವಳ ಹೆಸರು ಹುಡುಕದ ವಾರವಿಲ್ಲ. ವಿಮರ್ಶಕರು ಹೊಗಳಿದರೆ ಕಾಫಿ ಕಹಿಯಾಗುತ್ತಿತ್ತು, ತೆಗಳಿದರೆ ಆ ಸಾಲನ್ನು ಎರಡು ಸಲ ಓದುತ್ತಿದ್ದೆ. ಒಂದು ಸಲ ಅವಳ ಬಲ ಮಣಿಕಟ್ಟಿಗೆ ನೋವಾಗಿ ವರ್ಷವಿಡೀ ಕಛೇರಿಗಳು ರದ್ದಾದವು. ಆ ಸುದ್ದಿ ಓದಿದ ದಿನ ನಾನು ಖುಷಿಯಲ್ಲಿದ್ದೆ. ನಾಚಿಕೆಯಾಗಿದ್ದು ಮರುದಿನ. ಆ ನಾಚಿಕೆಗೆ ಅಮ್ಮನಿಗೆ ಫೋನು ಮಾಡಿ ಪಾಪ ಹೀಗಾಯಿತಂತೆ ಎಂದೆ.

"ಗೊತ್ತುಂಟು. ನಾವು ಪ್ರತಿ ಭಾನುವಾರ ಮಾತಾಡ್ತೇವಲ್ಲ. ಎಡಗೈಯಲ್ಲೇ ನುಡಿಸಿ ತೋರಿಸ್ತಾಳೆ, ಪಾಪ."

ಪ್ರತಿ ಭಾನುವಾರ. ನಾನು ಅಮ್ಮನಿಗೆ ಫೋನು ಮಾಡುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ. ಆದರೂ ಹೊಟ್ಟೆ ಉರಿಯಿತು.

ಕಳೆದ ಶರತ್ಕಾಲದಲ್ಲಿ ಒಂದು ಭಾನುವಾರ ಮಧ್ಯಾಹ್ನ ಜೀವೂ ಯೆವ್ಲೆಯಲ್ಲಿ ನುಡಿಸಿದಳು. ನಮ್ಮ ಸ್ಯಾಂಡ್‌ವಿಕೆನ್ನಿನಿಂದ ರೈಲಿನಲ್ಲಿ ಇಪ್ಪತ್ತು ನಿಮಿಷ. ಅಪ್ಪನಿಗೆ ಮಂಡಿನೋವು, ಬರಲಿಲ್ಲ. ಅಮ್ಮನೂ ನಾನೂ ಮೂರನೇ ಸಾಲಿನಲ್ಲಿ ಕೂತೆವು. ಕಾರ್ಯಕ್ರಮದ ಪುಸ್ತಿಕೆಯಲ್ಲಿ ಅವಳ ಬದುಕು ಒಂದು ಪುಟವಿತ್ತು. ಬುಸಾನ್ ಇತ್ತು, ಸ್ಟಾಕ್‌ಹೋಮ್ ಇತ್ತು, ನಡುವೆ ಸ್ಯಾಂಡ್‌ವಿಕೆನ್ ಇರಲಿಲ್ಲ. ನೋಡು, ನಿನ್ನನ್ನು ಬಿಟ್ಟಿದ್ದಾಳೆ ಎಂದು ಅಮ್ಮನಿಗೆ ತೋರಿಸುವ ಆಸೆಯಾಯಿತು, ತೋರಿಸಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಓದಿ, "ಒಂದು ಪುಟದಲ್ಲಿ ಎಷ್ಟು ಹಿಡೀತದೆ?" ಎಂದು ಪುಸ್ತಿಕೆ ಮಡಚಿದಳು. ಕಛೇರಿ ಮುಗಿದ ಮೇಲೆ ವೇದಿಕೆಯ ಹಿಂದಿನ ಕೋಣೆಗೆ ಹೋದೆವು. ಹೂಗುಚ್ಛ, ಸೂಟು ಬೂಟಿನ ಜನ, ಅವರ ನಡುವಿನಿಂದ ಜೀವೂ ದಾರಿ ಮಾಡಿಕೊಂಡು ಬಂದು ಅಮ್ಮನ ಎರಡು ಕೈ ಹಿಡಿದಳು. ಹೇಗಿತ್ತು ಎಂದು ಸ್ವೀಡಿಷ್‌ನಲ್ಲಿ ಕೇಳಿದಳು. ಜನ ಹೊಗಳಿಕೆಗೆ ಕಾದು ನಿಂತರು.

"ಎರಡನೇ ಭಾಗದಲ್ಲಿ ಓಡಿದಿ" ಎಂದಳು ಅಮ್ಮ. "ಕೈ ನೋವುಂಟಾ ಇನ್ನೂ?"

ಮೊದಲ ವಾಕ್ಯ ಸ್ವೀಡಿಷ್‌ನಲ್ಲಿತ್ತು, ಎರಡನೆಯದು ತಾನಾಗಿ ಕನ್ನಡಕ್ಕೆ ಹೊರಳಿತ್ತು. ಜೀವೂಗೆ ಅರ್ಥವಾಯಿತು. ಅವಳ ನಗು ನಿಂತಿತು, ಅವಳು ತಲೆಯಾಡಿಸಿದಳು, ಹೌದು ಎಂದು. ಆ ಕೋಣೆಯಲ್ಲಿ ಅವಳು ಅದನ್ನು ಹೇಳಿದ್ದು ಅಮ್ಮನೊಬ್ಬಳಿಗೇ.

ಮನೆಗೆ ಮರಳುವ ರೈಲಿನಲ್ಲಿ ನಾನು ಚೀಟಿಯ ವಿಷಯ ಹೇಳಿಬಿಟ್ಟೆ. ಯಾಕೆ ಅವತ್ತೇ ಎಂದರೆ ಗೊತ್ತಿಲ್ಲ. ಅಮ್ಮನಿಗೆ ನೋವಾಗಲಿ ಎಂಬ ಆಸೆಯೂ ಅದರಲ್ಲಿ ಸ್ವಲ್ಪ ಇತ್ತು. ಅವಳು ಮೊದಲಿಂದಲೇ ಊಹಿಸಿರಬಹುದು, ನಕ್ಕುಬಿಡಬಹುದು ಎಂದೂ ಅಂದುಕೊಂಡಿದ್ದೆ. ಅಮ್ಮ ಊಹಿಸಿರಲಿಲ್ಲ. ಕಿಟಕಿಯ ಕಡೆಯಿಂದ ಪೂರ್ತಿ ನನ್ನತ್ತ ತಿರುಗಿದಳು.

"ನೀನಾ ಬರೆದದ್ದು? ಹಾಗಾದ್ರೆ ಆ ಎಮ್ಮಾ?"

"ಎಮ್ಮಾ ಏನು?"

"ಅವಳೇ ಅಂತ ತಿಳ್ಕೊಂಡು ಅವಳು ಮನೆ ಬಿಟ್ಟು ಹೋಗುವ ತನಕ, ಎರಡು ವರ್ಷ ಅವಳ ಮುಖ ನೋಡಲಿಲ್ಲ ನಾನು. ಮೆಟ್ಟಿಲಲ್ಲಿ ಎದುರಾದ್ರೆ ತಲೆ ತಿರುಗಿಸಿ ಹೋಗ್ತಿದ್ದೆ. ಕ್ರಿಸ್‌ಮಸ್ಸಿಗೆ ಮಗು ಎತ್ತಿಕೊಂಡು ಕೇಸರಿ ಬನ್ನು ತಂದಿದ್ದಳು. ಬಾಗಿಲಲ್ಲೇ ತೆಗೆದುಕೊಂಡು ಕಳಿಸಿದೆ, ಒಳಗೆ ಕರೀಲಿಲ್ಲ. ನೀನು ಅಲ್ಲೇ ಇದ್ದೆ. ನಿನಗೆ ಗೊತ್ತಿತ್ತು."

ಗೊತ್ತಿತ್ತು. ಜೀವುವಿಗೆ ನಾನು ಮಾಡಿದ್ದರ ಬಗ್ಗೆ ಅಮ್ಮ ಒಂದು ಮಾತೂ ಆಡಲಿಲ್ಲ. ಅದು ಮಕ್ಕಳಾಟ, ಜೀವು ಗೆದ್ದೂ ಆಗಿತ್ತು. ಅಮ್ಮನನ್ನು ಕೊರೆದದ್ದು ಎಮ್ಮಾ. ಮರುದಿನ ಬೆಳಿಗ್ಗೆ ಕಾಫಿ ಕೊಡುತ್ತಲೇ ನನ್ನ ಮುಂದೆ ಫೋನು ಇಟ್ಟು, ಅವಳೆಲ್ಲಿದ್ದಾಳೆ ಹುಡುಕು ಎಂದಳು. ಈ ದೇಶದಲ್ಲಿ ಯಾರ ನಂಬರನ್ನೂ ಹುಡುಕುವುದು ಕಷ್ಟವಲ್ಲ. ಎಮ್ಮಾ ಸುಂಡ್ಸ್ವಾಲ್‌ನಲ್ಲಿದ್ದಳು. ಅಮ್ಮ ಫೋನನ್ನು ಮೇಜಿನ ಮೇಲೆ ಸ್ಪೀಕರಿಗೆ ಹಾಕಿ, ತನ್ನ ಪುತ್ತೂರಿನ ರಾಗದ ಸ್ವೀಡಿಷ್‌ನಲ್ಲಿ, ಯಾರ ಸಹಾಯವನ್ನೂ ಕೇಳದೆ ಎಲ್ಲವನ್ನೂ ಹೇಳಿದಳು. ಚೀಟಿ ಬರೆದವಳು ನನ್ನ ಮಗಳು, ನಾನು ನಿನ್ನನ್ನು ತಪ್ಪು ತಿಳಿದೆ, ಕ್ಷಮಿಸು. ಆಮೇಲೆ ಎಮ್ಮಾ ಮಾತಾಡಿದಳು.

"ನಾನು ಏನು ತಪ್ಪು ಮಾಡಿದೆ ಎಂದು ಎಷ್ಟೋ ಸಲ ಯೋಚಿಸಿದ್ದೆ. ನೀವು ಚಕ್ಕುಲಿ ತಂದ ದಿನ ಎಲಿಯಾಸ್ ಆಗಷ್ಟೇ ನಿದ್ದೆ ಹೋಗಿದ್ದ, ಅದಕ್ಕೆ ಬಾಗಿಲು ಹಾಕಿದೆ. ಅವನು ಎಲ್ಲೂ ಮಲಗುತ್ತಿರಲಿಲ್ಲ. ನಿಮ್ಮ ಗೋಡೆಯ ಪಕ್ಕ ಅವನ ತೊಟ್ಟಿಲು ಇಟ್ಟಿದ್ದೆ. ಪಿಯಾನೊ ಶುರುವಾದರೆ ಮೊದಲು ಕಣ್ಣರಳಿಸಿ ಕೇಳುತ್ತಿದ್ದ, ಆಮೇಲೆ ನಿದ್ದೆ. ಒಂದು ದಿನ ಅದು ನಿಂತುಹೋಯಿತು. ಯಾಕೆ ನಿಲ್ಲಿಸಿದಿರಿ, ಮತ್ತೆ ನುಡಿಸಿ ಎಂದು ಕೇಳಲು ಬರಬೇಕು ಅಂದುಕೊಂಡೆ. ಆದರೆ ನೀವು ನನ್ನತ್ತ ನೋಡುತ್ತಲೇ ಇರಲಿಲ್ಲ."

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಎಲಿಯಾಸ್ ಈಗ ಏನು ಮಾಡುತ್ತಾನೆ, ಸಂಗೀತ ಕಲಿತನಾ ಎಂದು ಕೇಳಿದಳು. ಇಲ್ಲ, ಅವನು ಲಾರಿ ಓಡಿಸುತ್ತಾನೆ, ಪಿಯಾನೊದ ವಿಷಯ ಅವನಿಗೆ ಏನೂ ಗೊತ್ತಿಲ್ಲ ಎಂದು ಎಮ್ಮಾ ನಕ್ಕಳು. ಇಬ್ಬರೂ ಚಕ್ಕುಲಿಯ ಮಾತಿಗೆ ಹೋದರು. ನಾನು ತಣ್ಣಗಾದ ಕಾಫಿ ಹಿಡಿದುಕೊಂಡು ಆ ಕೂಸನ್ನು ನೆನೆಯುತ್ತಾ ಕೂತಿದ್ದೆ. ಗೋಡೆಯ ಈಚೆ ಹತ್ತು ಹೆಜ್ಜೆ ದೂರದಲ್ಲಿ ನಾನು ಒಂದು ವರ್ಷಕ್ಕೂ ಹೆಚ್ಚು ಕಾಲ, ದಿನಾ ಗಂಟೆಗಟ್ಟಲೆ, ಬಾಗಿಲು ಹಾಕಿಕೊಂಡು ಉರಿಯುತ್ತಿದ್ದೆ. ಜೀವು ಏನು ನುಡಿಸುತ್ತಿದ್ದಳು ಎಂದು ಇವತ್ತು ಕೇಳಿದರೆ ನನಗೆ ಒಂದು ಸಾಲೂ ನೆನಪಿಲ್ಲ. ಗೋಡೆಯ ಆಚೆ ಆ ಕೂಸು ಕಣ್ಣರಳಿಸಿ ಕೇಳಿ, ಸಾಕಾದಾಗ ನಿದ್ದೆ ಹೋಗುತ್ತಿತ್ತು. ನನಗೆ ಅದರ ಮೇಲೂ ಹೊಟ್ಟೆಕಿಚ್ಚಾಯಿತು.